ನಲವತ್ತು ಸೆಕೆಂಡು

ಕಂಬಳಿ ನೇಕಾರರ ಸಂಘದ ವೆಬ್‌ಸೈಟ್ ಮುಚ್ಚುವ ಪತ್ರಕ್ಕೆ ಸಹಿ ಹಾಕಲು ಅಧ್ಯಕ್ಷ ಜುಂಜಣ್ಣ ಪೆನ್ನಿನ ಮುಚ್ಚಳ ತೆಗೆದರು. "ಬಂದೋರು ನಲವತ್ತು ಸೆಕೆಂಡೂ ನಿಲ್ಲಲ್ಲ ಅಂದ್ಮೇಲೆ ಇದ್ಯಾಕಪ್ಪ?" ಸೈಟ್ ಮಾಡಿದ್ದ ಪ್ರಸನ್ನಕುಮಾರ್ ತಲೆ ತಗ್ಗಿಸಿದ. ಸೈಟಿಗೆ ಬಂದುಹೋದವರ ಲೆಕ್ಕದ ವರದಿ ತಂದವನೂ ಅವನೇ.

ಕಚೇರಿಯ ಫೋನ್ ಎತ್ತುವ ಜಯಕ್ಕ ವರದಿಯನ್ನು ತನ್ನತ್ತ ಎಳೆದುಕೊಂಡಳು. "ಇವ್ರೆಲ್ಲ ಕೊನೇಗೆ ನೋಡಿದ್ದು ಯಾವ ಪುಟ?"

"ನಮ್ ಫೋನ್ ನಂಬರ್ ಇರೋದು, ಅಕ್ಕ."

ಅವಳು ಗೋಡೆಯ ಕ್ಯಾಲೆಂಡರ್ ತಂದು ಪಕ್ಕದಲ್ಲಿಟ್ಟಳು. ಕಂಬಳಿ ಕೇಳಿದವರ ಊರು, ಫೋನ್ ಬಂದ ಹೊತ್ತು ಎಲ್ಲವನ್ನೂ ಅದರಲ್ಲೇ ಗೀಚಿಟ್ಟಿದ್ದಳು. ವರದಿಯಲ್ಲಿ ಒಬ್ಬರು ಸೈಟಿನಿಂದ ಹೊರಟದ್ದು ಹನ್ನೊಂದು ಹತ್ತಕ್ಕೆ. ಅವಳ ಬೆರಳು ಕ್ಯಾಲೆಂಡರಿನ ಅದೇ ತಾರೀಖಿಗೆ ಸರಿಯಿತು: ಮೈಸೂರು, ಹನ್ನೊಂದು ಹನ್ನೆರಡು. ಮುಂದಿನ ಸಾಲುಗಳೂ ಹೀಗೇ ತಾಳೆಯಾದವು.

"ಯಾರೂ ಓಡಿಹೋಗಿಲ್ಲಣ್ಣ. ನನ್ ತಾಕೇ ಬಂದವ್ರೆ."

ಜುಂಜಣ್ಣ ಪೆನ್ನಿಗೆ ಮುಚ್ಚಳ ಹಾಕಿದರು. ಪ್ರಸನ್ನಕುಮಾರ್ ಆರಿಹೋಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದ.