ಒಂದೇ ಸಾಲಿನಲ್ಲಿ ಮುಳುಗಿದವನು

“ಇಲ್ಲಿ ಯಾಕ್ರೀ ಇಷ್ಟು ಅವಸರ?” ಗಂಡ ಬರೆದ ಹೊಸ ಕಥೆಯ ಕೊನೆಯ ಹಾಳೆಯ ಮೇಲೆ ಹೆಂಡತಿಯ ಬೆರಳು ನಿಂತಿತು. ಗೆಳೆಯರಿಬ್ಬರು ದೋಣಿ ಹತ್ತುವುದಕ್ಕೆ ಮೂರು ಪುಟ. ಅವರಲ್ಲೊಬ್ಬ ಮುಳುಗಿ ಸಾಯುವುದಕ್ಕೆ ಒಂದೇ ಸಾಲು.

“ಕಥೆ ಅಲ್ಲಿ ಓಡಬೇಕು ಕಣೇ. ಎಳೆದ್ರೆ ಓದೋರು ಆಕಳಿಸ್ತಾರೆ.”

ಅವಳ ಅಣ್ಣ ಕೆರೆಯಲ್ಲಿ ಮುಳುಗಿದ ದಿನ ದೋಣಿಯಲ್ಲಿ ಜೊತೆಗಿದ್ದವನು ಇವನೊಬ್ಬನೇ. “ಕಾಲು ಜಾರಿ ಬಿದ್ದ, ಕೈಗೇ ಸಿಗಲಿಲ್ಲ” ಎಂದು ಅಂದೂ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ. ಆ ಅವಸರವೇ ಅವಳ ತಲೆಯನ್ನು ಹುಳದಂತೆ ಕೊರೆಯುತ್ತಿತ್ತು.

“ನಾನು ಆಕಳಿಸಲ್ಲ, ನಿಧಾನವಾಗಿ ಹೇಳಿ,” ಎಂದಳು. “ಮುಳುಗ್ತಿದ್ದೋನು ಕೈ ಚಾಚಿದಾಗ ದೋಣೀಲಿದ್ದೋನು ಏನು ಮಾಡ್ದ?”

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

“ಹಿಡ್ಕೊಂಡಿದ್ದೆ,” ಎಂದ. “ದೋಣಿ ವಾಲ್ತು. ಬಿಟ್ಬಿಟ್ಟೆ.”