ಕೈಗೆ ಕೂರುವ ಬಿಲ್ಲೆ

ಮಗಳ ಆಟದ ಡಬ್ಬಿಯಲ್ಲಿದ್ದ ಪೋಕರ್ ಜೂಜಿನ ಬಿಲ್ಲೆಗಳನ್ನು ಮನು ಎರಡು ಕಟ್ಟು ಮಾಡಿ ಒಂದೇ ಕೈಯಲ್ಲಿ ಒತ್ತಿದ. ಒಂದರ ನಡುವೆ ಒಂದು ನುಸುಳಿ ಎರಡೂ ಕಟ್ಟು ಒಂದಾದವು. ಅವನ ಕಣ್ಣು ಟೀವಿಯ ಮೇಲೇ ಇತ್ತು.

"ಇವು ಪ್ಲಾಸ್ಟಿಕ್ಕು ಕಣವ್ವಾ, ಅಗುರ, ಜಾರ್ತವೆ," ಎಂದ ಮಗಳಿಗೆ. "ಮಣ್ಣಿನ್ ಬಿಲ್ಲೆ ಆದ್ರೆ ತೂಕ ಇರ್ತದೆ, ಕೈಗೆ ಕೂರ್ತದೆ."

ಅವರೆಕಾಳು ಹಿದುಕುತ್ತಿದ್ದ ಹೆಂಡತಿ ಆಶಾರಾಣಿ ತಲೆಯೆತ್ತಿದಳು. ಹೋದ ವರ್ಷ ಹಾಸನಾಂಬೆಯ ಎದುರು ಅವಳ ತಲೆ ಮುಟ್ಟಿ, ಇನ್ನು ಜೂಜಿನ ಕ್ಲಬ್ಬಿಗೆ ಕಾಲಿಡುವುದಿಲ್ಲವೆಂದು ಆಣೆಯಿಟ್ಟಾಗ ಅವನಿಗೆ ಈ ಕೈಚಳಕ ಬರುತ್ತಿರಲಿಲ್ಲ.

"ಚೆನ್ನಾಗೇ ಬತ್ತದಲ್ರೀ. ಯಾವಾಗ ಕಲ್ತ್ರಿ?"

"ಓದ್ ತಿಂಗ್ಳು ಕಣೆ," ಎಂದ ಹೆಮ್ಮೆಯಿಂದ. ಆಮೇಲೆ ಬೆರಳು ನಿಂತವು.

ಅವರೆಸಿಪ್ಪೆ ಮೆತ್ತಿದ್ದ ಆಶಾರಾಣಿಯ ಕೈ ತಾನಾಗಿ ಮೇಲೆದ್ದು, ಅಂದು ಅವನು ಮುಟ್ಟಿದ್ದ ನೆತ್ತಿಯನ್ನು ತಡವಿ ನೋಡಿತು.