ಅಪ್ಪನ ಹೊಟ್ಟೆಯಲ್ಲಿ ಗೆದ್ದ ಸೊಪ್ಪು

ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಮಗಳನ್ನು ಬೈಯಿರಿ. ಅವಳ ಸೋದರತ್ತೆ, ಅಪ್ಪನ ತಂಗಿ, ಆ ಬೆಳಿಗ್ಗೆ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ್ದಳು. ಅವಳ ಹೊಟ್ಟೆಹುಣ್ಣಿಗೆ ಮದ್ದು ಕೊಟ್ಟವಳು ಈ ಮಗಳೇ.

ಮದ್ದೆಂದರೆ ಸೊಪ್ಪಿನ ಸಾರ. ನೋವಿನ ಮಾತ್ರೆ ನುಂಗಿದರೂ ಹೊಟ್ಟೆ ಹುಣ್ಣಾಗದಂತೆ ಅದು ಕಾಯುತ್ತದೆ ಎಂದು ಮಗಳು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹಟ ಹಿಡಿದಿದ್ದಳು. ಮಾತ್ರೆ, ಸಾರ ಎರಡನ್ನೂ ತನ್ನ ಕೈಯಾರೆ ಇಲಿಗಳ ಬಾಯಿಗೆ ಹಾಕುತ್ತಿದ್ದಳು. ಇಲಿಗಳು ಒಪ್ಪಲಿಲ್ಲ; ಅವುಗಳ ಹೊಟ್ಟೆ ಹುಣ್ಣಾಗುತ್ತಲೇ ಇತ್ತು. ಒಪ್ಪಿದ್ದು ಅಪ್ಪನ ಹೊಟ್ಟೆ. ಮಂಡಿನೋವಿನ ಮಾತ್ರೆಯಿಂದಲೇ ಅಪ್ಪನಿಗೆ ಹುಣ್ಣಾಗಿತ್ತು. ಮಾತ್ರೆ ಎಂದಿನಂತೆ ನುಂಗು ಎಂದು ಹೇಳಿ, ದಿನವೂ ಒಂದು ಲೋಟ ಸಾರ ಕೊಟ್ಟು ನೋಡಿದಳು. ಡಾಕ್ಟರು ಮತ್ತೆ ಗಂಟಲಿಗೆ ಕೊಳವೆ ಇಳಿಸಿ ನೋಡಿದಾಗ ಹುಣ್ಣೇ ಇರಲಿಲ್ಲ.

ಸುದ್ದಿ ಕೇಳಿ ಅತ್ತೆ ಬಾಟಲಿ ಹಿಡಿದು ಬಂದಳು. ಅಣ್ಣನಂಥದೇ ಮಂಡಿ, ಅಣ್ಣನದೇ ಮಾತ್ರೆ. ಅದಿಲ್ಲದೆ ಹೊಲಿಗೆ ಮೆಷಿನ್ ತುಳಿಯಲಾಗದು.

"ಹುಣ್ಣಿಗೆ ಆಸ್ಪತ್ರೆ ಔಷಧಿ ಬಿಡು ಅತ್ತೆ, ಇದೊಂದೇ ಸಾಕು," ಎಂದಿದ್ದಳು ಮಗಳು.

ಈಗ ಆಸ್ಪತ್ರೆಯ ಹಾಸಿಗೆಯಲ್ಲಿ ಅತ್ತೆಯ ಮುಖ ಸುಣ್ಣದಂತಾಗಿತ್ತು. "ತಪ್ಪು ನಂದೇ ಕಣೇ. ಕಹಿ ಅಂತ ಒಂದೆರಡು ಸಲ ಚೆಲ್ಲಿಬಿಟ್ಟೆ. ನಿಮ್ಮಪ್ಪ ನೋಡು, ಮೂಗು ಮುಚ್ಕೊಂಡು ಕುಡಿದ, ಬಚಾವಾದ. ಸಂಜೆ ಇನ್ನೊಂದು ಬಾಟಲಿ ತಗೊಂಡು ಬಾ. ಅವನೆಲ್ಲಿ, ಬರಲಿಲ್ವಾ?"

ಬಂದಿರಲಿಲ್ಲ. ಒಡಹುಟ್ಟಿದವಳು ಸಾಯುವಂತಿದ್ದರೂ ಅಪ್ಪ ಕುರ್ಚಿ ಬಿಟ್ಟಿರಲಿಲ್ಲ. ಇತ್ತೀಚೆಗೆ ಹಾಗೇ. ಅಂಗಡಿಗೂ ಹೋಗನು, ಮಹಡಿಯನ್ನೂ ಹತ್ತನು. ಕೂತಲ್ಲಿಗೇ ಎಲ್ಲ ಬರಬೇಕು. "ಮಹಾರಾಜರು ದಯಮಾಡಿಸಿದ್ದಾರೆ" ಎಂದು ಮಗಳು ರೇಗಿಸುವುದೂ ಹಳತಾಗಿತ್ತು.

ಮನೆಗೆ ಬಂದವಳೇ ಬಾಟಲಿ ತೊಳೆಯತೊಡಗಿದಳು. "ಎಂಥ ಕಲ್ಲು ಮನಸ್ಸಪ್ಪಾ ನಿಂದು. ತಂಗೀನ ನೋಡೋಕೂ ಬರಲ್ವಾ?"

ಅಪ್ಪ ಮಂಡಿ ನೀವಿಕೊಂಡ.

"ಹೋಗ್ಲಿ, ಇದನ್ನಾದ್ರೂ ಹೇಳು. ಅದೇ ಸೊಪ್ಪು, ಅದೇ ಅಳತೆ. ನಿನಗೆ ಹಿಡಿಸಿದ್ದು ಅವಳಿಗ್ಯಾಕೆ ಹಿಡಿಸಲಿಲ್ಲ?"

"ಬಾಟಲಿ ಕೆಳಗಿಡು ಮಗಾ," ಎಂದ ಅಪ್ಪ. "ಇಲಿಗಳು ಕೈಕೊಟ್ಟಾಗ ನೀನು ಊಟ ಬಿಟ್ಟು ಕೂತಿದ್ದೆ. ನನ್ನ ಹೊಟ್ಟೇನೂ ಕೈಕೊಟ್ರೆ ಗತಿ ಏನು ಅಂತ, ನಿನ್ನ ಸೊಪ್ಪಿಗೆ ಸ್ವಲ್ಪ ಆಸರೆ ಕೊಟ್ಟೆ. ಸಾರ ಶುರುವಾದ ದಿನವೇ ಮಂಡಿ ಮಾತ್ರೆ ನಿಲ್ಲಿಸ್ಬಿಟ್ಟೆ. ಹುಣ್ಣು ವಾಸಿಯಾಗಿದ್ದು ಅದಕ್ಕೇ. ನನಗೆ ಬರೋ ಮನಸ್ಸಿಲ್ಲ ಅಂತಲ್ಲ. ಎದ್ದು ನಿಲ್ಲೋಕೇ ಆಗ್ತಿಲ್ಲ."

ತಪ್ಪು ತನ್ನದೇ ಎಂದುಕೊಂಡು ದಾರಿ ಕಾಯುತ್ತಿದ್ದ ಅತ್ತೆಗೆ ಆ ಸಂಜೆ, ನೀವಾಗಿದ್ದರೆ, ಏನೆಂದು ಹೇಳುತ್ತಿದ್ದಿರಿ?